ಮುಖ ಓದುವ ಚಿಕ್ಕಪ್ಪ, ಬಾರದ ಕಾಫಿ

ನಮ್ಮ ಚಿಕ್ಕಪ್ಪನಿಗೆ ಮಲಯಾಳಂನ ಒಂದಕ್ಷರವೂ ಬರುವುದಿಲ್ಲ. ಆದರೆ ಮಲಯಾಳಂ ಸಿನಿಮಾಗಳ ಬಗ್ಗೆ ಅವರಿಗೆ ತಿಳಿದಿರುವಷ್ಟು ಅವನ್ನು ತೆಗೆದವರಿಗೂ ತಿಳಿದಿರಲಾರದು! ಇದು ಉತ್ಪ್ರೇಕ್ಷೆ ಎನ್ನುವವರು ಒಮ್ಮೆ ಘಾಟಿಯ ಮೇಲಿನ ಆನೇಮಹಲ್‌ನ ಅವರ ಮನೆಗೆ ಹೋಗಿ, ಟಿ.ವಿ. ಮುಂದೆ ಅವರ ಪಕ್ಕ ಕೂತು ನೋಡಬೇಕು. ಪೂರ್ತಿ ಟಿ.ವಿ. ಮಾತ್ರ ನಿಮಗೆ ಕಾಣಿಸುವುದಿಲ್ಲ. ಅದರ ಕೆಳಭಾಗಕ್ಕೆ ಚಿಕ್ಕಪ್ಪ ಟವೆಲ್ ಕಟ್ಟಿರುತ್ತಾರೆ. ಮಾತಿನ ಅರ್ಥ ಇಂಗ್ಲಿಷಿನಲ್ಲಿ ಅಲ್ಲಿ ಬರುತ್ತದಲ್ಲ, ಅದು ಕಣ್ಣಿಗೆ ಬೀಳಬಾರದು!

"ಓದ್ತಾ ಕೂತ್ರೆ ಮುಖ ನೋಡೋದ್ಯಾವಾಗ ಕಣವ್ವ? ಬಾಯಿ ಸುಳ್ಳು ಹೇಳ್ತದೆ, ಕಣ್ಣು ಹೇಳಲ್ಲ."

"ಟಿ.ವಿ.ಗೆ ಪಂಚೆ ಉಡಿಸವ್ರೆ, ಮಾನವಂತರು!" ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ಕೂಗುತ್ತಾರೆ.

ಒಂದು ದಿನ ಚಿಕ್ಕಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಪರದೆಯ ಮೇಲೆ ಅಣ್ಣತಮ್ಮ ಇಬ್ಬರು ಬಾವಿಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಅಪ್ಪ ಕಟ್ಟಿದ ಮನೆಯನ್ನು ಮಾರಲು ಹೊರಟಿದ್ದಾರೆ, ಅದಕ್ಕೇ ಈ ಸಂಕಟ ಎಂದು ಚಿಕ್ಕಪ್ಪನ ವಿವರಣೆ. ನಾನು ಮೆಲ್ಲಗೆ ಟವೆಲ್ ಎತ್ತಿ ನೋಡಿದೆ. ಬಾವಿಗೆ ಬಿದ್ದ ಪಂಪ್‌ಸೆಟ್ ಎತ್ತಲು ಯಾರನ್ನು ಕರೆಯೋಣ ಎಂದು ಅವರು ಚರ್ಚಿಸುತ್ತಿದ್ದರು!

"ಪಂಪ್‌ಸೆಟ್ಟಂತೆ ಚಿಕ್ಕಪ್ಪ."

"ಅದು ಬಾಯಲ್ಲಿ ಹೇಳ್ತಿರೋದು ಮಾರಾಯ್ತಿ! ಆ ಅಣ್ಣನ ಕಣ್ಣು ನೋಡು. ಮನೆ ಮಾರ್ಬುಡ್ತಾನೆ ಅವನು."

ಸಿನಿಮಾದ ಕೊನೆಯಲ್ಲಿ ಅವನು ಮನೆ ಮಾರಿದನೋ ಇಲ್ಲವೋ ನನಗೀಗ ನೆನಪಿಲ್ಲ. ಮಾರಿದ ಎಂದು ಚಿಕ್ಕಪ್ಪ ಇವತ್ತಿಗೂ ಸಾಧಿಸುತ್ತಾರೆ. ನನ್ನ ನೆನಪನ್ನು ನಂಬುವುದಕ್ಕಿಂತ ಅವರ ಹಟವನ್ನು ನಂಬುವುದು ಸುಲಭ.

ಗಡಿಯ ಬಗ್ಗೆಯೂ ಅವರದೇ ಒಂದು ಸಿದ್ಧಾಂತವಿದೆ. ಜಿಲ್ಲೆಯ ಗಡಿ, ರಾಜ್ಯದ ಗಡಿ ಎಂದು ಸರ್ಕಾರ ನೆಟ್ಟಿರುವ ಬೋರ್ಡುಗಳೆಲ್ಲ ಬರೀ ತಗಡು. "ಘಾಟಿ ಇಳೀವಾಗ ನಮ್ಮೋರು ಸ್ವೆಟರ್ ಬಿಚ್ಚೋ ಜಾಗ ಐತಲ್ಲ, ಅದೇ ಕಣವ್ವ ಗಡಿ!" ಅದರ ಮೇಲಿನವರು ಸಿಟ್ಟಿನವರು, ಕೆಳಗಿನವರು ಲೆಕ್ಕಾಚಾರದವರು, ಇನ್ನೂ ಕೆಳಗೆ ಕೇರಳದವರು ದುಃಖವನ್ನು ನುಂಗಿಕೊಳ್ಳುವವರು. ಇಷ್ಟನ್ನೂ ಅವರು ಸಿನಿಮಾ ನೋಡಿಯೇ ಕಂಡುಹಿಡಿದದ್ದು. ನಾನಾದರೋ ವಿಶ್ವವಿದ್ಯಾಲಯದಲ್ಲಿ ಗಡಿ, ಸಂಸ್ಕೃತಿ, ಅಸ್ಮಿತೆ ಎಂದು ದಪ್ಪ ದಪ್ಪ ಪದಗಳನ್ನು ಕಲಿತು ಬಂದವಳು. ಸ್ವೆಟರಿನ ವಿಷಯ ಅಲ್ಲಿ ಯಾರೂ ಹೇಳಿರಲಿಲ್ಲ!

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಚಿಕ್ಕಪ್ಪನ ಒಬ್ಬಳೇ ಮಗಳು, ಮಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ಸಹನಾ, ಅಲ್ಲೇ ಪಾಠ ಮಾಡುವ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗನ ಮನೆ ಕಾಸರಗೋಡಿನ ಕಡೆ. ಮನೆಮಾತು ಮಲಯಾಳಂ!

"ಮೀನು ತಿನ್ನೋ ಮನೆಯಂತೆ" ಎಂದು ನೆಂಟರು ರಾಗ ಎಳೆದರು.

"ತಿನ್ನೋದು ನೋಡಿ ಏನಾಗ್ಬೇಕು? ನಗೋದು ನೋಡ್ಬೇಕು" ಎಂದರು ಚಿಕ್ಕಪ್ಪ. "ಒಂದ್ಸಲ ಹೋಗಿ ಮುಖ ನೋಡ್ಕೊಂಡು ಬತ್ತೀನಿ. ಆಮೇಲೆ ನನ್ನ ಮಾತೇ ಮಾತು."

ಸಹನಾಳಿಗೆ ಜೀವ ಬಾಯಿಗೆ ಬಂತು. ನನಗೆ ಫೋನು ಮಾಡಿದಳು. "ಅಕ್ಕಾ, ಅಪ್ಪ ಬೇಡ ಅಂದ್ರೆ ನಾನು ಇವನನ್ನ ಮದುವೆ ಆಗಲ್ಲ. ಬೇರೆ ಯಾರನ್ನೂ ಆಗಲ್ಲ. ನೀನು ಅಪ್ಪನ ಪಕ್ಕದಲ್ಲೇ ಕೂತಿರು, ಮೊಣಕೈಯಲ್ಲಿ ತಿವೀತಾ ಇರು." ಚಿಕ್ಕಮ್ಮನಿಗೆ ಘಾಟಿಯ ತಿರುವುಗಳಲ್ಲಿ ವಾಂತಿ. ಹಾಗಾಗಿ ತಿವಿಯುವ ಜವಾಬ್ದಾರಿ ಪೂರ್ತಿ ನನ್ನದೇ ಆಯಿತು.

ಹುಡುಗನ ಮನೆಯಲ್ಲಿ ಚಿಕ್ಕಪ್ಪ, ಸಹನಾ, ನಾನು ಮೂವರನ್ನೂ ಜಗುಲಿಯಲ್ಲಿ ಕೂರಿಸಿದರು. ಅವನ ತಾಯಿ ಒಂದು ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟು ನಕ್ಕು ಒಳಗೆ ಹೋದರು. ಚಿಕ್ಕಪ್ಪ ಬೆಲ್ಲ ಕಚ್ಚಿ ನೀರು ಕುಡಿದರು. ಕಾದರು. ಹುಡುಗನ ತಂದೆ ಒಳಗಿನಿಂದ ಬಂದು ಕೈಮುಗಿದು ಎದುರಿಗೆ ಕೂತರು. ಮುಖ ಕಲ್ಲಿನ ಹಾಗೆ. ಒಂದು ಮಾತಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋದರು. ಮತ್ತೆ ಬಂದರು. ಮತ್ತೆ ಹೋದರು!

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕಾಫಿ ಬೆಳೆಯುವ ನಾವು, ಸಂಬಂಧ ಬೇಡ ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಂದವರಿಗೆ ಕಾಫಿ ಬರುವುದಿಲ್ಲ, ಅಷ್ಟೆ. ಮರ್ಯಾದಸ್ಥರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ.

"ಕಾಫಿ ಬರ್ಲಿಲ್ಲ" ಎಂದು ಚಿಕ್ಕಪ್ಪ ನನ್ನ ಕಿವಿಯಲ್ಲಿ ಉಸುರಿದರು. "ಆ ಯಜಮಾನ್ರ ಕಣ್ಣು ನೋಡಿದ್ಯಾ? ದುಃಖ ನುಂಗ್ಕೊತಾವ್ರೆ. ಇಷ್ಟ ಇಲ್ಲ ಅವರಿಗೆ."

ತಿವಿದೆ. ಇನ್ನೊಮ್ಮೆ ತಿವಿದೆ. ಪ್ರಯೋಜನವಾಗಲಿಲ್ಲ. ಚಿಕ್ಕಪ್ಪ ಎದ್ದು ಚಪ್ಪಲಿ ಮೆಟ್ಟಿ, ಯಾರನ್ನೂ ನೋಡದೆ, "ಬತ್ತೀವಿ" ಎಂದುಬಿಟ್ಟರು. ಸಹನಾ ಕಂಬ ಹಿಡಿದುಕೊಂಡಳು. ಹಾಗೆ ಎಷ್ಟು ಹೊತ್ತು ನಿಂತಿದ್ದೆವು? ನನಗಂತೂ ಅರ್ಧ ದಿನ ಎಂದೇ ನೆನಪು. ಹುಡುಗನನ್ನು ಕೇಳಿದರೆ, ಅವನಿಗೆ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಮುಗಿದೇ ಹೋಗಿತ್ತಂತೆ.

"ಎಂತ, ಎದ್ದದ್ದು ಯಾಕೆ? ಊಟ ಆಗದೆ ಹೊರಡುವುದುಂಟಾ?"

ಹುಡುಗನ ತಾಯಿ! ಅಚ್ಚಗನ್ನಡ! ನಲವತ್ತು ಮಕ್ಕಳ ತರಗತಿಯನ್ನು ಸುಮ್ಮನಾಗಿಸುವಂಥ ದನಿ. ಅವರು ಅಲ್ಲಿನ ಕನ್ನಡ ಶಾಲೆಯ ನಿವೃತ್ತ ಟೀಚರಂತೆ. ಇದನ್ನು ನಮಗೆ ಹೇಳಬೇಕೆಂದು ಸಹನಾಳಿಗೂ ಹೊಳೆದಿರಲಿಲ್ಲ, ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಚಿಕ್ಕಪ್ಪ ತಡವರಿಸಿದರು. "ಅಲ್ಲ ತಾಯಿ... ಕಾಫಿ ಬರ್ಲಿಲ್ವಲ್ಲ... ನಾವು ತಿಳ್ಕೊಂಡ್ವಿ."

"ಅಯ್ಯೋ ದೇವರೇ! ಬೆಲ್ಲ ನೀರು ಕೊಟ್ಟರೆ ಇಲ್ಲಿ ಬನ್ನಿ ಅಂತಲೇ ಅರ್ಥ. ಕಾಫಿ ಬಾರದಿದ್ದದ್ದು ಇವರ ಕೆಲಸ. ನಾವು ಚಾ ಕುಡಿಯುವವರು. ಕಾಫಿ ಬೆಳೆಯುವವರಿಗೆ ನಮ್ಮ ಕಾಫಿ ಕೊಡುವುದು ಹೇಗೆ ಅಂತ ಇವರಿಗೆ ಹೆದರಿಕೆ. ಬೆಳಗ್ಗಿನಿಂದ ಮಾಡುವುದು, ರುಚಿ ನೋಡುವುದು, ಚೆಲ್ಲುವುದು. ಹಾಲೇ ಮುಗಿಯುತ್ತ ಬಂತು!"

ಕಲ್ಲಿನ ಮುಖದ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅಂಗಿಯ ತುಂಬ ಕಾಫಿಯ ಕಲೆ.

ಚಿಕ್ಕಪ್ಪ ಚಪ್ಪಲಿ ಬಿಟ್ಟು ನೇರ ಅವರ ಅಡುಗೆಮನೆಗೆ ನುಗ್ಗಿದರು. ಒಲೆಯ ಮೇಲಿದ್ದ ಪಾತ್ರೆಯಿಂದ ತಾವೇ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. ನಾನೂ ರುಚಿ ನೋಡಿದೆ. ಅದನ್ನು ಕಾಫಿ ಎನ್ನಲು ಬಹಳ ದೊಡ್ಡ ಮನಸ್ಸು ಬೇಕು! ಚಿಕ್ಕಪ್ಪ ಪೂರ್ತಿ ಕುಡಿದು, ಖಾಲಿ ಲೋಟವನ್ನು ಯಜಮಾನರ ಕಡೆ ಚಾಚಿದರು. "ಇನ್ನೊಂದ್ಚೂರು ಹಾಕಿ ಯಜಮಾನ್ರೇ."

ಸಹನಾ ಎಷ್ಟು ಜೋರಾಗಿ ಉಸಿರು ಬಿಟ್ಟಳೆಂದರೆ ಅಂಗಳದ ಕೋಳಿಗಳು ಓಡಿದವು!

ಊಟದ ಹೊತ್ತಿಗೆ ಇಬ್ಬರು ಅಪ್ಪಂದಿರೂ ಅಕ್ಕಪಕ್ಕ ಕೂತಿದ್ದರು. ಎಲೆಗೆ ಅನ್ನ ಬಿತ್ತು. ಚಿಕ್ಕಪ್ಪ ಮುಟ್ಟಲಿಲ್ಲ. ತಲೆ ಎತ್ತದೆ, ಟೀಚರಮ್ಮನಿಗೆ ಮೆಲ್ಲಗೆ ಹೇಳಿದರು. "ಬೆಳಿಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ನಮ್ಮ ಸಹನಾ ಯಾರ ಹತ್ರಾನೂ ಮಾತಾಡಲ್ಲ ತಾಯಿ. ಚಿಕ್ಕೋಳಿದ್ದಾಗಿಂದ್ಲೂ ಹಂಗೇ. ಕೋಪ ಅಲ್ಲ ಅದು. ನೀವು ತಪ್ಪು ತಿಳ್ಕೋಬೇಡಿ."

ಆ ತಾಯಿ ಸಾರಿನ ಸೌಟನ್ನು ಪಾತ್ರೆಗೆ ಹಾಕಿದರು. ಆಮೇಲೆ ಗಂಡನ ಕಡೆ ಬೊಟ್ಟು ಮಾಡಿ ಹೇಳಿದರು.

"ಇವರೂ ಹಾಗೆಯೇ. ಇಬ್ಬರೂ ಜಗುಲಿಯಲ್ಲಿ ಸುಮ್ಮನೆ ಕೂತಿರಲಿ. ನಾನು ಎಬ್ಬಿಸುವುದಿಲ್ಲ."

ಚಿಕ್ಕಪ್ಪ ಅನ್ನಕ್ಕೆ ಕೈ ಹಾಕಿದರು. "ಹಂಗಾರೆ ಸರಿ ಬುಡಿ."