ಅಕ್ಕನ ಕೈಲಿದ್ದ ಮೊಲ

ಕಾಯಿಲೆಯವರಿರುವ ಮನೆಯಲ್ಲಿ ನಗಬಾರದು ಅಂತಾರೆ. ನಗು ಮಾತ್ರ ಹೊತ್ತುಗೊತ್ತು ನೋಡದೆ ಬಂದುಬಿಡುತ್ತದೆ. ನಮ್ಮಕ್ಕ ಕ್ಯಾನ್ಸರ್ ಚಿಕಿತ್ಸೆಗೆಂದು ಬೆಸಗರಹಳ್ಳಿಯಿಂದ ಮಂಡ್ಯದ ನಮ್ಮ ಮನೆಗೆ ಬಂದು ಉಳಿದಾಗಲೂ ಹಾಗೇ ಆಯ್ತು.

ಪಾಪದ ಕಪ್ಪೆ

ಮಲಗಿ ಮಲಗಿ ಬೇಜಾರಾಗದಿರಲಿ ಅಂತ, ಕೈಯಲ್ಲಿ ಹಿಡಿದು ಆಡುವ ನನ್ನ ಗೇಮ್ ಸೆಟ್ಟಿನಲ್ಲಿ ಒಂದು ಮುದ್ದಾದ ಆಟ ಹಾಕಿಕೊಟ್ಟೆ. ಹೂವಿನ ಕಾಡು, ಕೆಂಪು ಅಂಗಿ ತೊಟ್ಟ ಮೊಲ, ಅದರ ಕೈಲೊಂದು ಪುಟ್ಟ ಕತ್ತಿ. ಮಕ್ಕಳಾಟ ಅಂತಲೇ ನಾನೂ ನಂಬಿದ್ದೆ. ಎದುರಿಗೆ ಗುಂಡಗೆ ನಗುತ್ತಾ ಒಂದು ಕಪ್ಪೆ ಬಂತು. ಅಕ್ಕ ಕರುವನ್ನು ಮುದ್ದು ಮಾಡಲು ಹೋದಂತೆ ಹತ್ತಿರ ಹೋದಳು. ಕಪ್ಪೆ ಒಂದೇ ಏಟಿಗೆ ಮೊಲವನ್ನು ಮಲಗಿಸಿತು.

ಅಕ್ಕ ಆ ಕಪ್ಪೆಯನ್ನೇ ನೋಡಿ, "ನಮ್ಮತ್ತೇನೂ ಎಣ್ಣು ನೋಡಾಕೆ ಬಂದಾಗ ಇಂಗೇ ಪಾಪದೋರ ತರ ಇದ್ರು ಕಣ್ಲಾ" ಅಂದಳು.

ಡಾಕ್ಟರ ಸಲಹೆ

ಆಸ್ಪತ್ರೆಗೂ ಗೇಮ್ ಸೆಟ್ಟನ್ನು ಒಯ್ದಳು. ಕೈಗೆ ಡ್ರಿಪ್ ಹಾಕಿದ್ದರೂ ಬಿಡಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರು ನಿಂತು ನೋಡಿ, ಹಾಗಲ್ಲಮ್ಮ, ಮೊದಲು ಉರುಳಿ ತಪ್ಪಿಸಿಕೊಂಡು ಆಮೇಲೆ ಹೊಡೀಬೇಕು ಅಂತ ತಾವೇ ಇಸ್ಕೊಂಡರು. ಉರುಳಿಸಿದವರು ಮೊಲವನ್ನು ನೇರವಾಗಿ ಹೊಳೆಗೇ ಹಾಕಿದರು.

ಅವರು ಅತ್ತ ಹೋದ ಮೇಲೆ ಅಕ್ಕ ನರ್ಸನ್ನು ಹತ್ತಿರ ಕರೆದು, "ನಂಗೆ ಸೂಜಿ ನೀನೇ ಚುಚ್ಚವ್ವ" ಅಂದಳು.

ಕರಡಿ

ಇನ್ನು ಔಷಧಿ ನಾಟುವುದಿಲ್ಲ, ಮನೆಗೆ ಕರಕೊಂಡು ಹೋಗಿ ಅಂತ ಡಾಕ್ಟರು ನನಗೆ ಹೇಳಿದರು. ಅವಳಿಗೆ ಹೇಗೆ ಹೇಳುವುದೋ ತಿಳಿಯದೆ ಪಕ್ಕದಲ್ಲಿ ಕೂತೆ. ಅವಳು ಆಟದ ಕೊನೆಯ ಕರಡಿಯ ಕೈಲಿ ಸೋಲುತ್ತಲೇ ಇದ್ದಳು. ಬೆರಳುಗಳಲ್ಲಿ ಬಲವಿರಲಿಲ್ಲ. ಸುಲಭ ಮಾಡಿಕೊಡಲಾ, ಹಂಗೆ ಮಾಡಿದರೆ ಮೊಲ ಸಾಯುವುದೇ ಇಲ್ಲ ಅಂದೆ.

"ಬ್ಯಾಡ ಬುಡ್ಲಾ. ಸಾಯ್ದೆ ಕುಂತಿದ್ರೆ ಆ ಕರಡಿಗೂ ಬೇಜಾರಾಯ್ತದೆ."

ಡಾಕ್ಟರು ಏನಂದರು ಅಂತ ಅವಳು ಕೇಳಲೇ ಇಲ್ಲ. ಇಬ್ಬರೂ ನಕ್ಕೆವು. ನಾನು ನೀರು ತರುವ ನೆವದಲ್ಲಿ ಹೊರಗೆ ಬಂದೆ.

ಎಡೆ

ತಿಥಿಯ ದಿನ ಊರಲ್ಲಿ ಅವಳ ಫೋಟೋ ಮುಂದೆ ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟೆವು. ಮುದ್ದೆ, ನಾಟಿಕೋಳಿ ಸಾರು, ಎಲೆಅಡಿಕೆ. ಹಸು, ಡೈರಿ ಬಿಟ್ಟು ಬೇರೆ ಲೋಕ ಕಾಣದ ಭಾವ, ಆ ಆಟವನ್ನು ಒಮ್ಮೆಯೂ ತಿರುಗಿ ನೋಡದವರು, ಗೇಮ್ ಸೆಟ್ಟು ತಂದು ಬಾಳೆಲೆಯ ತುದಿಗೆ ಇಟ್ಟರು. ಮತ್ತೆ ಒಳಗೆ ಹೋಗಿ ಚಾರ್ಜರನ್ನೂ ತಂದಿಟ್ಟರು.

ಹಿರಿಯರೊಬ್ಬರು ಅದ್ಯಾಕಪ್ಪ ಅಂತ ಕೇಳಿದರು. ಅಳುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ಭಾವ ಕಣ್ಣೊರೆಸಿಕೊಂಡರು.

"ಪೂರ್ತಿ ಚಾರ್ಜ್ ಮಾಡೇ ಮಡಗಿವ್ನಿ. ಆದ್ರೂ ಅಲ್ಲಿ ಕರೆಂಟು ಎಂಗೋ ಏನೋ."