ನಯಾಜ್ ಭಾಯಿಯ ಒಂದು ಸಾಲು

ನಾನು ಮಾಡಿದ ಕೆಲಸಕ್ಕೆ ಬೇರೆಯವರು ಹೆಸರು ತೆಗೆದುಕೊಳ್ಳುತ್ತಾರೆ ಎಂಬುದು ನನ್ನ ಬಹಳ ಹಳೆಯ ದೂರು. ಎಷ್ಟು ಹಳೆಯದೆಂದರೆ, ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ "ಗೊತ್ತು, ಸ್ಮರಣ ಸಂಚಿಕೆ ತಾನೆ?" ಎನ್ನುತ್ತಾರೆ. ಕೆ.ಆರ್. ಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಅಲ್ಲಿಯ ಸ್ಮರಣ ಸಂಚಿಕೆಯನ್ನು ಮುನ್ನುಡಿಯಿಂದ ಕೊನೆಯ ಜಾಹೀರಾತಿನವರೆಗೆ ತಿದ್ದಿದವಳು ನಾನು. ಸಂಪಾದಕರೆಂದು ಶಾಲು ಹೊದಿಸಿಕೊಂಡವರು ಪ್ರಾಂಶುಪಾಲರು. ರಾಣೆಬೆನ್ನೂರಿನಲ್ಲಿ ನಾದಿನಿಯ ಸೀಮಂತಕ್ಕೆ ಬೆಳಗಿನಿಂದ ಹೋಳಿಗೆ ಬೇಯಿಸಿದವಳು ನಾನು. ಹೊಗಳಿಸಿಕೊಂಡವಳು ತುಪ್ಪ ಬಡಿಸಲು ಬಂದ ನನ್ನ ಓರಗಿತ್ತಿ. ಇಂಥ ಅನ್ಯಾಯಗಳನ್ನು ನೆನೆದು ನೆನೆದು, ನಾನು ಮಹಾ ನಿಸ್ವಾರ್ಥಿ ಎಂಬ ತೀರ್ಮಾನಕ್ಕೆ ನಾನೇ ಬಂದುಬಿಟ್ಟಿದ್ದೆ. ಅನ್ಯಾಯಕ್ಕೊಳಗಾದವರೆಲ್ಲ ಒಳ್ಳೆಯವರೇ ಇರಬೇಕು ಎಂದು ನಂಬುವುದು ಎಷ್ಟು ಹಿತ ನೋಡಿ.

ಕಾಲೇಜು ಬಿಟ್ಟ ಮೇಲೆ ಹಲಸೂರಿನ ಸಣ್ಣ ಡಬ್ಬಿಂಗ್ ಸ್ಟುಡಿಯೊ ಒಂದರಲ್ಲಿ ಕೆಲಸ ಸಿಕ್ಕಿತು. ಫುಟ್‌ಬಾಲ್ ಅನಿಮೆ ಒಂದಕ್ಕೆ ಕನ್ನಡದಲ್ಲಿ ಮಾತು ಬರೆಯುವುದು. ಅನಿಮೆ ಎಂದರೆ ಜಪಾನಿನವರ ಕಾರ್ಟೂನ್ ಧಾರಾವಾಹಿ. ಕಣ್ಣು ದೊಡ್ಡದು, ಕೂದಲು ನೆಟ್ಟಗೆ. ಚೆಂಡು ಒದೆಯಲು ಕಾಲೆತ್ತಿದವನು ಅದನ್ನು ಇಳಿಸುವಷ್ಟರಲ್ಲಿ ತನ್ನ ಬಾಲ್ಯವನ್ನೆಲ್ಲ ನೆನೆದು ಮುಗಿಸಿರುತ್ತಾನೆ. ಆ ಆಟದ ಬಗ್ಗೆ ನನಗೆ ಗೊತ್ತಿದ್ದುದು ಚೆಂಡು ದುಂಡಗಿರುತ್ತದೆ ಎಂಬುದಷ್ಟೆ. ಆದರೆ ಕಥೆ ಮೊದಲ ದಿನವೇ ಹಿಡಿಯಿತು. ನಾಯಕ ಒಳ್ಳೆಯ ಆಟಗಾರ. ಗೋಲಿನ ಮುಂದೆ ನಿಂತಾಗಲೆಲ್ಲ ಚೆಂಡನ್ನು ಪಕ್ಕದವನಿಗೆ ಕೊಟ್ಟುಬಿಡುತ್ತಾನೆ. ಎಲ್ಲರೂ ಅವನನ್ನು ತ್ಯಾಗಿ ಎನ್ನುತ್ತಾರೆ. ಕೋಚ್ ಒಬ್ಬ ಮಾತ್ರ ಒಪ್ಪುವುದಿಲ್ಲ. ತಾನೇ ಒದೆಯಬಲ್ಲವನು ತಂಡಕ್ಕಾಗಿ ಬಿಟ್ಟುಕೊಟ್ಟರೆ ಅದು ಪಾಸು, ಧೈರ್ಯವಿಲ್ಲದವನು ಕೊಟ್ಟರೆ ಅದು ಬೇರೆ ಏನೋ ಎಂಬುದು ಅವನ ವಾದ. ನಾನು ನಾಯಕನ ಪರ. ಅವನು ಚೆಂಡು ಕೊಟ್ಟಾಗಲೆಲ್ಲ ನನಗೆ ಸ್ಮರಣ ಸಂಚಿಕೆ ನೆನಪಾಗುತ್ತಿತ್ತು.

ಸ್ಟುಡಿಯೊದಲ್ಲಿ ಧ್ವನಿ ಮುದ್ರಿಸುತ್ತಿದ್ದವರು ನಯಾಜ್ ಭಾಯಿ. ಐವತ್ತು ದಾಟಿದವರು, ಶಿವಾಜಿನಗರದವರು. ಫೋನಿನಲ್ಲಿ ಮನೆಯವರೊಂದಿಗೆ ದಖನಿ ಉರ್ದು, ಟೀ ಅಂಗಡಿಯವರೊಂದಿಗೆ ತಮಿಳು, ನನ್ನೊಂದಿಗೆ ಕನ್ನಡ. ಹರೆಯದಲ್ಲಿ ಗೌತಮಪುರದ ಮೈದಾನದಲ್ಲಿ ಡಿಫೆನ್ಸ್ ಆಡಿದವರಂತೆ. ಗೋಲ್ ಹೊಡೆದವನ ಫೋಟೊ ಬರುತ್ತದೆ, ತಡೆದವನ ಮೊಣಕಾಲು ಹೋಗುತ್ತದೆ ಎಂದು ಕಾಲು ನೀವಿಕೊಳ್ಳುತ್ತಾ ನಗುತ್ತಿದ್ದರು.

ಡಬ್ಬಿಂಗಿನಲ್ಲಿ ಪಾತ್ರದ ಬಾಯಿ ಮುಚ್ಚುವುದರೊಳಗೆ ಮಾತು ಮುಗಿಯಬೇಕು. ನಾನು ಮೊದಲು ಬರೆದ ಸಾಲು "ಸಹಕಾರ ಮನೋಭಾವವಿಲ್ಲದ ವೈಯಕ್ತಿಕ ಪ್ರತಿಭೆಯು ನಿರರ್ಥಕ" ಎಂದಿತ್ತು. ಪಾತ್ರದವನು ಬಾಯಿ ಮುಚ್ಚಿ, ಚೆಂಡು ಒದ್ದು, ಗೋಲೂ ಆಯಿತು, ನಿಮ್ಮ ಕನ್ನಡ ಮಾತ್ರ ಇನ್ನೂ ಓಡ್ತಾ ಇದೆ ಮೇಡಂ ಎಂದರು ನಯಾಜ್ ಭಾಯಿ. ಅಂದಿನಿಂದ ಪಾತ್ರ ಬಾಯಿ ತೆರೆದಷ್ಟು ಸಲ ಅವರು ಮೇಜು ತಟ್ಟುವುದು, ಅಷ್ಟಕ್ಕೆ ನಾನು ಮಾತು ಹುಡುಕುವುದು ಎಂದಾಯಿತು. ನನಗೆ ಸಿಗದಿದ್ದಾಗ ಅವರೇ ಹೇಳುತ್ತಿದ್ದರು. ಈ ಧ್ವನಿಮುದ್ರಣದ ಯಂತ್ರ ಬಿಟ್ಟು ಡಬ್ಬಿಂಗ್ ಹೇಳಿಕೊಡುವ ಕೆಲಸಕ್ಕೆ ಹೋಗಬೇಕೆಂಬ ಆಸೆ ಅವರಿಗೆ ಬಹಳ ವರ್ಷಗಳಿಂದ ಇತ್ತು. ಒಮ್ಮೆ ಕೇಳಿದರು, "ನಮ್ಮಂಥ ಹೆಸರಿನವರು ಕನ್ನಡ ಹೇಳ್ಕೊಟ್ರೆ ಕೇಳ್ತಾರಾ ಮೇಡಂ?"

"ಯಾಕೆ ಕೇಳಲ್ಲ? ನಾನಿಲ್ವಾ?" ಎಂದು ನಾನು ಸಿಟ್ಟಿನಿಂದಲೇ ಹೇಳಿದ್ದೆ. ಆ ಸಿಟ್ಟು ನಿಜವಾದದ್ದೇ.

ಕೋಚ್ ನಾಯಕನನ್ನು ಬೈಯುವ ಕಂತು ಬಂತು. ಆ ಒಂದು ಮಾತನ್ನು ಎಷ್ಟು ಸಲ ಬರೆದರೂ ಕೂರಲಿಲ್ಲ. ಒಂದು ಸಲ ಉದ್ದವಾಯಿತು, ಇನ್ನೊಂದು ಸಲ ಉಪನ್ಯಾಸವಾಯಿತು. ನಯಾಜ್ ಭಾಯಿ ಹೆಡ್‌ಫೋನ್ ತೆಗೆದಿಟ್ಟು, ಆ ದೃಶ್ಯವನ್ನು ಎರಡು ಸಲ ಸುಮ್ಮನೆ ನೋಡಿ ಹೇಳಿದರು: "ಹೆದ್ರಿ ಕೊಟ್ರೆ ಅದು ಪಾಸ್ ಅಲ್ಲ ಕಣೋ, ಜಾರ್ಕೊಳ್ಳೋದು."

ಮಾತು ಆ ಕೋಚಿನ ಬಾಯಲ್ಲೇ ಹುಟ್ಟಿದಂತಿತ್ತು. ನಾನು ಟೈಪ್ ಮಾಡಿದೆ. ಆ ಪುಟದ ತಲೆಯ ಮೇಲೆ, ಎಲ್ಲ ಪುಟಗಳಂತೆ, ಸಂಭಾಷಣೆ ಎಂದು ನನ್ನ ಹೆಸರೊಂದೇ ಇತ್ತು.

ಧಾರಾವಾಹಿ ಕೊಂಡ ಕಂಪನಿಯಿಂದ ಶಾಲಿನಿ ಎಂಬವರು ಕಂತು ನೋಡಲು ಬಂದರು. ನಾನು ಅವರ ಜೊತೆ ಹೊರಕೋಣೆಯಲ್ಲಿ, ನಯಾಜ್ ಭಾಯಿ ಗಾಜಿನಾಚೆ. ಆ ಸಾಲು ಬಂದಾಗ ಶಾಲಿನಿ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. ಗರುಡಾಚಾರ್‌ಪಾಳ್ಯದ ತಮ್ಮ ಆಫೀಸಿನಲ್ಲಿ ಕನ್ನಡ ವಿಭಾಗ ನೋಡಿಕೊಳ್ಳಲು ಒಬ್ಬರು ಬೇಕು, ಹೀಗೆ ಯೋಚಿಸುವವರೇ ಬೇಕು ಎಂದರು. ಆಮೇಲೆ ನನ್ನತ್ತ ತಿರುಗಿ, "ಈ ಲೈನ್ ನಿಮ್ಮದೇ ಅಲ್ವಾ?" ಎಂದು ಕೇಳಿದರು.

ಗಾಜಿನಾಚೆ ನಯಾಜ್ ಭಾಯಿ ತಲೆತಗ್ಗಿಸಿ ಒಂದು ವೈರು ಸುತ್ತುತ್ತಿದ್ದರು. ಇದು ನನ್ನ ಸರದಿ ಎನಿಸಿತು. ಇಷ್ಟು ವರ್ಷ ಎಲ್ಲರಿಗೂ ಕೊಟ್ಟಾಯಿತು, ಒಂದು ಸಲವಾದರೂ ನನಗಾಗಿ ಒದೆಯಬೇಡವೆ ಎನಿಸಿತು. ಸ್ವಂತ ಧೈರ್ಯದ ಬಗ್ಗೆ ವಾರಗಟ್ಟಲೆ ಬರೆದದ್ದು ಹೀಗೆ ತಲೆಗೇರಿತ್ತು. ಆದರೆ ನಾಯಕನ ಕಾಲಲ್ಲಿ ಇದ್ದದ್ದು ಅವನದೇ ಚೆಂಡು ಎಂಬುದು ಮಾತ್ರ ಆಗ ಹೊಳೆಯಲಿಲ್ಲ.

"ಹೌದು, ನಂದೇ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನಯಾಜ್ ಭಾಯಿ ಟೆಕ್ನಿಕಲ್ ಆಗಿ ತುಂಬಾ ಸಪೋರ್ಟ್ ಮಾಡಿದ್ರು" ಎಂದೂ ಸೇರಿಸಿದೆ. ಸಹಕರಿಸಿದ ಸಿಬ್ಬಂದಿಗೆ ಧನ್ಯವಾದ ಎಂದು ಬರೆದಿದ್ದ ನಮ್ಮ ಪ್ರಾಂಶುಪಾಲರು ಕೂಡ ಇದಕ್ಕಿಂತ ಸಂಕೋಚದವರು.

ಶಾಲಿನಿ ಹೋದ ಮೇಲೆ ಒಳಗೆ ಹೋದೆ. ಹೊರಕೋಣೆಯ ಮೈಕಿನ ಕೆಂಪು ದೀಪ ಯಂತ್ರದ ಮೇಲೆ ಉರಿಯುತ್ತಿತ್ತು. ನಾವು ಆಡಿದ್ದೆಲ್ಲ ಅವರಿಗೆ ಕೇಳಿಸಿತ್ತು. ಅವರು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವರು ದೀಪ ಆರಿಸಿ, "ಒಳ್ಳೇದಾಯ್ತು ಬಿಡಿ ಮೇಡಂ. ಇಬ್ಬರಲ್ಲಿ ಒಬ್ಬರಿಗಾದ್ರೂ ಸಿಕ್ತು" ಎಂದು ಟೀ ತರಿಸಿದರು.

ಈಗ ನಾನು ಗರುಡಾಚಾರ್‌ಪಾಳ್ಯದಲ್ಲಿ ಕನ್ನಡ ವಿಭಾಗದ ಮುಖ್ಯಸ್ಥೆ. ನಯಾಜ್ ಭಾಯಿ ಅದೇ ಸ್ಟುಡಿಯೊದಲ್ಲಿ, ಅದೇ ಗಾಜಿನಾಚೆ ಇದ್ದಾರೆ. ಕ್ಷಮೆ ಕೇಳಬೇಕೆಂದು ಎಷ್ಟೋ ದಿನ ಅಂದುಕೊಂಡು, ಹೋದ ವಾರ ಮಧ್ಯಾಹ್ನ ಧೈರ್ಯ ಮಾಡಿ ಫೋನ್ ಮಾಡಿದೆ. ಅವರು ಮನೆಯವರನ್ನೆಲ್ಲ ವಿಚಾರಿಸಿದರು. ನಾನೂ ಮೊಣಕಾಲಿನ ನೋವು ಹೇಗಿದೆ ಎಂದು ಕೇಳಿದೆ. ಕುಶಲದ ಮಾತು ಅಲ್ಲಿಗೆ ಮುಗಿಯಿತು. ಹೇಳಬೇಕಾದದ್ದನ್ನು ಹೇಳಲು ಅದೇ ಸಮಯ. ನಾನು ಬಾಯಿ ತೆರೆದು, ಬೆಳಗಿನಿಂದ ಕೂರದೆ ಕಾಡುತ್ತಿದ್ದ ಒಂದು ಸಾಲಿನ ಬಗ್ಗೆ ಕೇಳಿದೆ.

ಯಾರು ಯಾರಿಗೆ ಹೇಳುತ್ತಾರೆ ಎಂದಷ್ಟೇ ಅವರು ವಿಚಾರಿಸಿದರು. ಸ್ವಲ್ಪ ಯೋಚಿಸಿ, ನಾಲ್ಕು ಪದ ಹೇಳಿದರು. ಫೋನಿಟ್ಟು ದೃಶ್ಯಕ್ಕೆ ಹೊಂದಿಸಿ ನೋಡಿದೆ. ಸರಿಯಾಗಿ ಕೂತಿತು. ನನಗೆ ಮೊದಲು ಆದದ್ದು ಸಂತೋಷ. ನಾಚಿಕೆಯಾಗಲಿಲ್ಲವೆಂದಲ್ಲ, ಆಯಿತು, ಫೈಲು ಕಳಿಸಿ ಆದ ಮೇಲೆ.