ದರ್ಜಿ ಕತ್ತರಿಸಿದ ಪಾಸ್ತಾ

ಎಲ್ಲದಕ್ಕೂ ಕಾರಣ ದರ್ಜಿಯ ನಾಲಿಗೆ. ಕತ್ತರಿ ಹಿಡಿದರೆ ಕೂದಲೆಳೆಯಷ್ಟೂ ತಪ್ಪದ ಮನುಷ್ಯ, ಬಾಯಿ ತೆರೆದರೆ ಮಾತ್ರ ಅಳತೆಯನ್ನೇ ಮರೆತುಬಿಡುತ್ತಿದ್ದ. ಹಿರಿಯಳಿಯ ತನ್ನನ್ನು ದೊಡ್ಡ ಹೋಟೆಲಿಗೆ ಕರೆದೊಯ್ದು ಪಾಸ್ತಾ ತಿನ್ನಿಸಿದನೆಂದು ಮಾವ ಫೋನಿನಲ್ಲಿ ಮಗಳ ಮುಂದೆ ಹೊಗಳುತ್ತಿದ್ದರು. ಇವನು ಹಿಂದಿನಿಂದ ಕೂಗಿದ: "ಹೋಟೆಲ್ದೇನು ಮಹಾ? ಭಾನುವಾರ ಬರೋಕೆ ಹೇಳು. ಹಿಟ್ಟು ನಾದೋದರಿಂದ ಹಿಡಿದು ಎಲ್ಲಾ ನನ್ನ ಕೈಯಾರೆ ಮಾಡಿ ಬಡಿಸ್ತೀನಿ."

ಮಾವ ಒಪ್ಪಿಕೊಂಡರು. ಅವರು ನಿವೃತ್ತ ರೈಲ್ವೆ ಗಾರ್ಡು. ದರ್ಜಿಯ ಅಂಗಡಿ, ಅದರ ಹಿಂದಿನ ಮನೆ ಎರಡೂ ಅವರವೇ. ಅಂಗಡಿಯನ್ನು ಇವನ ಹೆಸರಿಗೆ ಬರೆಯುವುದೋ, ಗೋದಾಮಿಗೆಂದು ಹಲ್ಲು ಗಿಂಜುತ್ತಿದ್ದ ಹಿರಿಯಳಿಯನಿಗೆ ಕೊಡುವುದೋ ಎಂಬುದನ್ನು ಭಾನುವಾರ ಊಟವಾದ ಮೇಲೆ ಹೇಳುತ್ತೇನೆ ಎಂದರು. ಅವರು ಹಸಿರು ಬಾವುಟ ತೋರಿಸದೆ ಆ ಮನೆಯಲ್ಲಿ ಯಾವ ಗಾಡಿಯೂ ಹೊರಡುತ್ತಿರಲಿಲ್ಲ.

ಭಾನುವಾರ ಹೆಂಡತಿ ಅಪ್ಪನನ್ನು ಕರೆತರಲು ಸ್ಟೇಷನ್ನಿಗೆ ಹೋದಳು. ದರ್ಜಿ ಬಟ್ಟೆ ಕತ್ತರಿಸುವ ಮೇಜನ್ನು ತೊಳೆದು ಒರೆಸಿ, ಹಿಟ್ಟು ಗುಡ್ಡೆ ಹಾಕಿ, ನಡುವೆ ಗುಳಿ ಮಾಡಿ ಮೊಟ್ಟೆ ಒಡೆದ. ಗುಳಿಯ ಒಂದು ಬದಿ ಕುಸಿದು ಮೊಟ್ಟೆಯೆಲ್ಲ ಯಾರದೋ ಕೋಟಿನ ಬಟ್ಟೆಯತ್ತ ಹರಿಯತೊಡಗಿತು. ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಾಗ ಪಕ್ಕದ ಸಲೂನಿನವನು ಇಣುಕಿದ.

"ಹಿಂಗಾ ನಾದೋದು? ಸರಿ ಅತ್ಲಾಗೆ," ಎಂದು ಸಲೂನಿನವನು ತೋಳು ಮಡಿಸಿದ. ತಲೆ ಮಸಾಜು ಮಾಡುವವನಂತೆ ಹಿಟ್ಟನ್ನು ತಟ್ಟಿ, ಒತ್ತಿ, ಕೊನೆಗೆ ಅಭ್ಯಾಸಬಲದಿಂದ ಅದರ ಕತ್ತನ್ನೂ ಹುಡುಕಿದ.

ಸದ್ದು ಕೇಳಿ ಮಹಡಿಯಿಂದ ಟೀಚರಮ್ಮ ಇಳಿದು ಬಂದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಕಲಿಸುವ ಚಟ ಬಿಟ್ಟಿರಲಿಲ್ಲ. "ನಾದಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡ್ಬೇಕಪ್ಪ. ಮಕ್ಕಳೂ ಅಷ್ಟೇ. ಬೈದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ರೆ ಮೆತ್ತಗಾಗ್ತಾರೆ."

ಹಿಟ್ಟು ಮೆತ್ತಗಾಯಿತು. ದರ್ಜಿ ಅದನ್ನು ಮೇಜಿನುದ್ದಕ್ಕೂ ತೆಳ್ಳಗೆ ಲಟ್ಟಿಸಿದ. ಪಟ್ಟಿ ಎಷ್ಟು ಅಗಲ ಇರಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕತ್ತರಿ ಮಾತ್ರ ತನಗೆ ರೂಢಿಯಿದ್ದ ಅಗಲದಲ್ಲಿ ಸರಸರನೆ ಓಡಿತು. ಪೈಜಾಮದ ಲಾಡಿಯ ಅಗಲ, ಲಾಡಿಯದೇ ಉದ್ದ.

"ಇಷ್ಟುದ್ದ ಯಾಕಪ್ಪ?"

"ತುಂಡು ಮಾಡಿ ವೇಸ್ಟ್ ಮಾಡೋದು ನಮ್ಮ ಕಸುಬಲ್ಲ ಟೀಚರಮ್ಮ."

ಪಟ್ಟಿಗಳನ್ನು ಒಳಕೋಣೆಯ ಹಗ್ಗಕ್ಕೆ ಒಣಹಾಕಿದರು. ಹಗ್ಗದ ಒಂದು ತುದಿಯಲ್ಲಿ ಆಗಲೇ ಒಂದು ಪಟ್ಟಿ ತೂಗುತ್ತಿತ್ತು. ಮಾವನಿಗೆಂದು ಹೊಲಿದ ಹೊಸ ಪೈಜಾಮದ ಲಾಡಿ ಅದು. ಬೆಳಿಗ್ಗೆ ತಾನೇ ಗಂಜಿ ಹಾಕಿದ್ದ. ಬಣ್ಣವೂ ಮೊಟ್ಟೆ ಬೆರೆತ ಹಿಟ್ಟಿನದೇ. ಸಾಲಾಗಿ ನೋಡಿದರೆ ಅಣ್ಣತಮ್ಮಂದಿರಂತಿದ್ದವು.

ಸಲೂನಿನವನು ಓಡಿಹೋಗಿ ಕೂದಲು ಒಣಗಿಸುವ ಯಂತ್ರ ತಂದು ಗಾಳಿ ಹಿಡಿದ. ಹಿಟ್ಟಿನ ಪುಡಿ ಎದ್ದು ಮೂವರೂ ಬೆಳ್ಳಗಾದರು.

"ಅರೆಬರೆ ಒಣಗಿಸಿ ಡಬ್ಬಿಗೆ ಹಾಕಿದ್ರೆ ಬೂಷ್ಟು ಹಿಡಿಯುತ್ತೆ," ಎಂದು ಟೀಚರಮ್ಮ ಪಾಠ ಮುಂದುವರಿಸಿದರು. "ಪೂರ್ತಿ ಒಣಗಿದ್ರೆ ತಿಂಗಳುಗಟ್ಟಲೆ ಇರುತ್ತೆ. ಕಡ್ಡಿ ತರಹ ಪಟ್ ಅಂತ ಮುರೀಬೇಕು."

"ಇಡೋಕಲ್ಲ ಟೀಚರಮ್ಮ, ಈಗಲೇ ಬೇಯಿಸೋಕೆ," ಎಂದು ದರ್ಜಿ ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ, ಟೊಮೆಟೊ ಬಾಡಿಸತೊಡಗಿದ. ದೊಡ್ಡ ಪಾತ್ರೆಯಲ್ಲಿ ಉಪ್ಪು ನೀರು ಕುದಿಯುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು.

"ಅಯ್ಯೋ, ಪೈಜಾಮಕ್ಕೆ ಲಾಡಿ ಹಾಕಿಲ್ಲ."

"ನಾನು ಹಾಕ್ತೀನಿ, ನೀನು ಒಲೆ ನೋಡು," ಎಂದರು ಟೀಚರಮ್ಮ. ಅವರ ಕನ್ನಡಕದ ತುಂಬ ಹಿಟ್ಟು. ಹಗ್ಗದ ತುದಿಯಿಂದ ಪಟ್ಟಿಯೊಂದನ್ನು ಎಳೆದು, ಪಿನ್ನು ಸಿಕ್ಕಿಸಿ, ಹುಷಾರಾಗಿ ಪೋಣಿಸಿಬಿಟ್ಟರು. ಉಳಿದದ್ದನ್ನು ಸಲೂನಿನವನು ತಬ್ಬಿ ತಂದು ನೀರಿಗೆ ಸುರಿದ.

ಮಾವನಿಗೆ ಪೈಜಾಮ ನೋಡಿದ ಕೂಡಲೇ ಹಿಡಿಸಿತು. ಒಳಗೆ ಹೋಗಿ ತೊಟ್ಟುಕೊಂಡೇ ಬಂದರು. "ಲಾಡಿಗೆ ಗಂಜಿ ಸ್ವಲ್ಪ ಜಾಸ್ತಿ ಆಯ್ತೇನೋ," ಎನ್ನುತ್ತ ಊಟಕ್ಕೆ ಕುಳಿತರು. ಉದ್ದನೆಯ ಅಂಗಿ ಎಲ್ಲವನ್ನೂ ಮುಚ್ಚಿತ್ತು.

ದರ್ಜಿ ಪಾಸ್ತಾ ಬಸಿದ. ಎಲ್ಲವೂ ಹದವಾಗಿ ಬೆಂದಿತ್ತು, ಒಂದು ಪಟ್ಟಿಯ ಹೊರತು. ಎಳೆದರೆ ಹರಿಯಲಿಲ್ಲ, ಕಚ್ಚಿದರೆ ಜಗ್ಗಲಿಲ್ಲ. ತುದಿಯಲ್ಲಿ ತನ್ನದೇ ಹೊಲಿಗೆ ಕಂಡಿತು. ಮಾವನ ಬಾಯಿಗೆ ಹೋಗಬೇಕಿದ್ದ ಲಾಡಿ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದುಕೊಂಡು ಅದನ್ನು ನಲ್ಲಿಗೆ ನೇತುಹಾಕಿ, ಬಡಿಸಲು ಹೋದ.

ಮಾವ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. "ಇದರ ಮುಂದೆ ಹೋಟೆಲ್ದು ಗಂಜಿ ಕಣಮ್ಮ," ಎಂದರು ಮಗಳಿಗೆ. ದರ್ಜಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಅಂಗಡಿಗೆ ಹೊಸ ಬೋರ್ಡು, ಬೋರ್ಡಿಗೆ ಕೆಂಪು ಅಕ್ಷರ, ಎಲ್ಲವೂ ಕಣ್ಣ ಮುಂದೆ ಬಂದವು. ಅವುಗಳ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಲಾಡಿ ನಲ್ಲಿಯ ಮೇಲಿದೆ. ಹಾಗಾದರೆ ಪೈಜಾಮದಲ್ಲಿ ಇರುವುದೇನು?

ಅವನು ಟೀಚರಮ್ಮನ ಕಡೆ ನೋಡಿದ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಸಾಕು, ಏಳೋಣ," ಎಂದರು ಮಾವ.

"ಏಳಬೇಡಿ ಮಾವ. ಇನ್ನೊಂದು ಸ್ವಲ್ಪ."

ಏಳದಂತೆ ತಡೆಯಲು ಬಡಿಸುವುದೊಂದೇ ದಾರಿ. ಆದರೆ ಬಡಿಸಿದಷ್ಟೂ ಹೊಟ್ಟೆ ಉಬ್ಬುತ್ತಿತ್ತು, ಹೊಟ್ಟೆ ಉಬ್ಬಿದಷ್ಟೂ ಸೊಂಟ ಬಿಗಿಯುತ್ತಿತ್ತು. ಅಂಗಿಯ ಅಡಿಯಲ್ಲಿ ಅದು ಒಣಗಿ ಒಣಗಿ ಟೀಚರಮ್ಮ ಹೇಳಿದ ಕಡ್ಡಿಯ ಹದಕ್ಕೆ ಬರುತ್ತಿರಬೇಕು. ದರ್ಜಿ ಇನ್ನೊಂದು ಸೌಟು ಸುರಿದ.

"ಏನ್ರೀ ಇದು, ಅಪ್ಪನ್ನ ಸಾಯಿಸ್ತೀರಾ?" ಎಂದು ಹೆಂಡತಿ ಸೌಟು ಕಿತ್ತುಕೊಂಡಳು.

ಮಾವ ತೇಗಿದರು. "ನನ್ನ ತೀರ್ಮಾನ ನಿಂತೇ ಹೇಳ್ತೀನಿ. ಈ ಅಂಗಡಿ..." ಎಂದು ಎದ್ದು, ಬಾವುಟ ಹಿಡಿದವರಂತೆ ಕೈ ಮೇಲೆತ್ತಿದರು.

ಪಟ್.

ಪೈಜಾಮ ನೆಲ ಸೇರಿತು. ಮಾವ ಅವಸರವಿಲ್ಲದೆ ಬಗ್ಗಿ ಪೈಜಾಮ ಮೇಲೆಳೆದುಕೊಂಡರು. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಮುರಿದ ತುಂಡೊಂದನ್ನು ಎತ್ತಿ ಮೂಸಿದರು. ತಟ್ಟೆಯಲ್ಲಿ ಉಳಿದಿದ್ದ ಪಟ್ಟಿಯ ಪಕ್ಕ ಇಟ್ಟು ನೋಡಿದರು.

"ಅಳಿಯಂದಿರೇ, ಪಾಸ್ತಾ ಅಂದ್ರೆ ಹೀಗಿರಬೇಕು," ಎಂದರು. "ಲಾಡಿ ಅಂದ್ರೆ ಹೀಗಿರಬಾರದು."

"ಮಾವ, ಅದು..."

"ಅಂಗಡಿ ನಿಮಗೇ. ಆ ತೀರ್ಮಾನ ಬದಲಾಗಲ್ಲ. ಆದ್ರೆ ಹೊಲಿಗೆ ಮಷಿನ್ ನಾಳೆನೇ ಮಾರಿಬಿಡಿ. ಇಲ್ಲಿ ಪಾಸ್ತಾ ಹೋಟೆಲ್ ಶುರುವಾಗಲಿ. ನಾದೋದು, ಲಟ್ಟಿಸೋದು, ಬೇಯಿಸೋದು ನೀವು. ಗಲ್ಲಾದಲ್ಲಿ ಹಿರಿಯಳಿಯ ಕೂರ್ತಾನೆ. ಅವನಿಗೆ ವ್ಯವಹಾರ ಗೊತ್ತು."

ಹೆಂಡತಿ ಅಡುಗೆಮನೆಗೆ ಹೋಗಿ, ನಲ್ಲಿಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದ ಲಾಡಿಯನ್ನು ತಂದು ಗಂಡನ ಕೈಗಿಟ್ಟಳು. ಮಾವ ಪೈಜಾಮ ಹಿಡಿದು ನಿಂತೇ ಇದ್ದರು. ದರ್ಜಿ ಮೊಣಕಾಲೂರಿ ಪಿನ್ನು ಸಿಕ್ಕಿಸಿ, ಬೆಂದ ಲಾಡಿಯನ್ನು ಪೋಣಿಸತೊಡಗಿದ. ಆ ಅಂಗಡಿಯಲ್ಲಿ ಅವನು ಮಾಡಿದ ಕೊನೆಯ ದರ್ಜಿ ಕೆಲಸ ಅದೇ.